ಕಾಲೊಳಗಿನ ಸ್ಟೀಲು

“ಅದು ನನ್ ಮಗಳ ಕಾಲೊಳ್ಗಿದ್ದ ವಸ್ತು. ನನಗ್ ಕೊಡಿ ಸಾ,” ಎಂದು ಪುಟ್ಟರಾಜು ಕೇಳಿದ.

ಮೂಳೆ ಡಾಕ್ಟರು ಮುರಳೀಕೃಷ್ಣ ಇಲ್ಲ ಎನ್ನಲಿಲ್ಲ. ನರ್ಸಿಗೆ ಹೇಳಿ ಒಂದು ಪ್ಲಾಸ್ಟಿಕ್ ಡಬ್ಬಿ ತರಿಸಿದರು. ಅದರಲ್ಲಿ ಬೆರಳಗಲದ ಸ್ಟೀಲ್ ಪಟ್ಟಿಯೊಂದು ಎರಡು ತುಂಡಾಗಿ ಬಿದ್ದಿತ್ತು. ಜೊತೆಗೆ ಐದು ತಿರುಪುಗಳು. ಆರನೆಯದು ಮುರಿದು ಮೂಳೆಯಲ್ಲೇ ಉಳಿದಿತ್ತು. ಅದನ್ನು ಹುಡುಕಿ ತೆಗೆಯುವ ಅಗತ್ಯ ಇನ್ನಿರಲಿಲ್ಲ. ಬರುವ ಸೋಮವಾರ ಮಂಡಿಯ ಕೆಳಗೆ ಕಾಲನ್ನೇ ತೆಗೆಯುವುದೆಂದು ತೀರ್ಮಾನವಾಗಿತ್ತು. ಅಂದು ಶುಕ್ರವಾರ, 2003ರ ಆಗಸ್ಟ್ ತಿಂಗಳು.

ಪುಟ್ಟರಾಜು ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಪಟ್ಟಿಯ ಬೆನ್ನು ಹೊಸ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ತಿರುಪು ಕೂತಿದ್ದ ತೂತುಗಳ ಸುತ್ತ ಮಾತ್ರ, ಉಗುರಿನ ಸಂದಿಯಲ್ಲಿ ಮಣ್ಣು ಕೂತ ಹಾಗೆ, ಕಂದು ಬಣ್ಣ. ಪಟ್ಟಿ ಮುರಿದದ್ದೂ ಅಂಥದೊಂದು ತೂತಿನ ಮೇಲೆಯೇ.

“ತುಕ್ಕು,” ಎಂದ.

“ಹೌದು,” ಎಂದರು ಡಾಕ್ಟರು.

“ಸ್ಟೀಲು ತುಕ್ಕಿಡೀತದಾ ಸಾ?”

“ಕೆಲವು ಸಲ ಹಿಡಿಯುತ್ತೆ. ಅದಕ್ಕೇ ಒಂದೂವರೆ ವರ್ಷಕ್ಕೆ ತೆಗೆಸಿಬಿಡಿ ಅಂತ ಬರ್ಕೊಟ್ಟಿದ್ದೆ.”

“ಬರ್ಕೊಟ್ಟಿದ್ದ ಆಮ್ಯಾಕ್ ಮಾತಾಡನ. ನೀವ್ ಆಕಿದ್ ಮಾಲು ಯಾವ್ದು, ಅದ್ನೇಳಿ.”

ಡಾಕ್ಟರಿಗೆ ಕೋಪ ಬಂದ ಹಾಗಿರಲಿಲ್ಲ. “ಒಳ್ಳೇದೇ ಹಾಕಿದ್ದು ಪುಟ್ಟರಾಜು. ಎಲ್ಲಿ ಬೇಕಾದ್ರೂ ತೋರಿಸ್ಕೊಳ್ಳಿ,” ಎಂದು ಮುಂದಿನ ಪೇಷಂಟನ್ನು ಕರೆಸಿದರು.

ಪುಟ್ಟರಾಜುವಿನದು ಹೊಳೆನರಸೀಪುರದಲ್ಲಿ ಪಾತ್ರೆ ಅಂಗಡಿ. ಅಪ್ಪ ಹೊಲ ನೋಡಿಕೊಂಡಿದ್ದವನು. ಇವನು ಎಪ್ಪತ್ತೆಂಟರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಮಳಿಗೆ ಹಿಡಿದು, ಹಿತ್ತಾಳೆ ತಾಮ್ರದ ಕಾಲ ಮುಗಿಯಿತು ಎಂದು ಬರೀ ಸ್ಟೀಲು ತುಂಬಿದ. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಅಯಸ್ಕಾಂತವಿರುತ್ತಿತ್ತು. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತದ್ದು, ಬಳೆಯ ಹಾಗೆ ದುಂಡಗೆ. ಗಿರಾಕಿಯ ಎದುರಿಗೇ ಅದನ್ನು ಪಾತ್ರೆಗೆ ಹಿಡಿಯುತ್ತಿದ್ದ. ಕಚ್ಚಿದರೆ ಡೂಪ್ಲಿಕೇಟ್, ಕಚ್ಚದಿದ್ದರೆ ಒರಿಜಿನಲ್. ಒರಿಜಿನಲ್ ಸ್ಟೀಲು ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತದೆ, ತುಕ್ಕು ಅನ್ನುವುದು ಅದರ ಜಾತಕದಲ್ಲೇ ಇಲ್ಲ ಎಂದು ಹೇಳುತ್ತಿದ್ದ. ಹಾಗೆ ಹೇಳಿ ಹೇಳಿ ತಾನೂ ನಂಬಿದ್ದ. ಅಂಗಡಿಯಲ್ಲಿ ಅವನು ಡೂಪ್ಲಿಕೇಟ್ ಇಡುತ್ತಿರಲಿಲ್ಲ. ಆ ಒಂದು ಮಾತಿನಲ್ಲಿ ಊರಿನ ಯಾರೂ ಅವನ ಕಡೆ ಬೆರಳು ತೋರಿಸುವಂತಿರಲಿಲ್ಲ.

ಮಗಳು ಮೇಘಶ್ರೀ ಏಳನೆಯ ವಯಸ್ಸಿಗೇ ಅಯಸ್ಕಾಂತ ಹಿಡಿಯುವುದನ್ನು ಕಲಿತಳು. ಹೊಸ ಮಾಲು ಬಂದ ದಿನ ಸ್ಕೂಲಿನಿಂದ ನೇರ ಅಂಗಡಿಗೆ ಬಂದು, ಹುಲ್ಲಿನ ಪ್ಯಾಕಿಂಗ್ ಬಿಚ್ಚಿ, ಒಂದೊಂದೇ ಲೋಟ ಎತ್ತಿ ನೋಡುತ್ತಿದ್ದಳು.

“ಒಟ್ಟೆಗ್ ಇಡುದ್ರೆ ಸಾಲ್ದು ಕಣವ್ವ,” ಎಂದು ಅವನು ಕಲಿಸಿದ್ದ. “ಕಂಠಕ್ ಇಡಿ, ತಳಕ್ ಇಡಿ, ಬೆಸುಗೆಗ್ ಇಡಿ. ಮ್ವಾಸ ಅಲ್ಲಿರ್ತದೆ.”

ಕಾಲು ಮುರಿದದ್ದು 1996ರಲ್ಲಿ, ಚನ್ನರಾಯಪಟ್ಟಣದಲ್ಲಿ, ಕಾಲೇಜುಗಳ ಖೋ ಖೋ ಪಂದ್ಯದ ದಿನ. ಮೇಘಶ್ರೀ ಆಗ ಎರಡನೇ ಪಿಯುಸಿ. ಕಂಬದ ಹತ್ತಿರ ತಿರುಗುವಾಗ ಅಟ್ಟಿಸಿಕೊಂಡು ಬಂದ ಹುಡುಗಿ ಅವಳ ಮೇಲೇ ಬಿದ್ದಳು. ಎಡಗಾಲಿನ ಮೂಳೆ ಮಂಡಿಗೂ ಪಾದಕ್ಕೂ ನಡುವೆ ಎರಡಾಯಿತು. ಹಾಸನಕ್ಕೆ ಸಾಗಿಸಿದರು. ಮುರಳೀಕೃಷ್ಣ ಮೂಳೆಯನ್ನು ಜೋಡಿಸಿ, ಪಟ್ಟಿ ಕೂರಿಸಿ ಆರು ತಿರುಪು ಬಿಗಿದರು. ಆಪರೇಷನ್ನಿಗೆ ಮುಂಚೆ ಪುಟ್ಟರಾಜು ಕೇಳಿದ್ದು ಒಂದೇ ಪ್ರಶ್ನೆ: ಹಾಕುವುದು ಕಬ್ಬಿಣವೋ ಸ್ಟೀಲೋ. ಸ್ಟೀಲು ಎಂದ ಮೇಲೆ ಸಹಿ ಹಾಕಿದ.

ನೋಡಲು ಬಂದ ಅವನ ಅಣ್ಣ ದೊಡ್ಡಯ್ಯ ಎಕ್ಸ್‌ರೇ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು, “ನಿನ್ನಂಗ್ಡಿ ಮಾಲೇ ಏನ್ಲಾ ಇದು? ಎಸ್ರು ಒಡ್ಸಿದ್ಯಾ?” ಎಂದ. ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೊರೆಸುವ ರೂಢಿ ಅವರ ಕಡೆ ಎಲ್ಲರಿಗೂ ಇತ್ತು.

“ಒಡ್ಸಬೇಕಾಗಿತ್ತು. ಡಾಕ್ಟ್ರು ಬಿಡ್ನಿಲ್ಲ,” ಎಂದ ಪುಟ್ಟರಾಜು.

“ಗಂಡ ಆಗೋನು ಬಂದು ಎಕ್ಸ್‌ರೇ ತಗ್ಸಿ ಓದ್ಕಬೇಕಾ ದೊಡ್ಡಪ್ಪ?” ಎಂದು ಮಂಚದ ಮೇಲಿಂದ ಮೇಘಶ್ರೀ ಅಂದಳು. ಮೂವರೂ ನಕ್ಕರು.

ಕಾಲು ಚೆನ್ನಾಗಿಯೇ ಕೂಡಿಕೊಂಡಿತು. ವರ್ಷದೊಳಗೆ ಅವಳು ಓಡುತ್ತಿದ್ದಳು. ದೈಹಿಕ ಶಿಕ್ಷಣದ ತರಬೇತಿಗೆ ಸೇರಿದಳು, ಪಿ.ಟಿ. ಟೀಚರಾಗಬೇಕು, ಬೇರೇನೂ ಬೇಡ ಎಂಬುದು ಅವಳ ತೀರ್ಮಾನ. 1998ರಲ್ಲಿ ತಾನೇ ಹಾಸನಕ್ಕೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಚೀಟಿ ಬರೆಸಿಕೊಂಡು ಬಂದಳು. ಪಟ್ಟಿಯನ್ನು ಎಷ್ಟೋ ಜನ ಹಾಗೇ ಬಿಟ್ಟುಕೊಳ್ಳುತ್ತಾರೆ, ಆದರೆ ನೀನು ಓಡುವವಳು, ಚಿಕ್ಕ ವಯಸ್ಸು, ತೆಗೆಸಿಬಿಡು ಎಂದು ಅವರು ಹೇಳಿದ್ದರು.

ಪುಟ್ಟರಾಜು ಚೀಟಿಯನ್ನು ಓದಿ ಊಟದ ತಟ್ಟೆಯ ಪಕ್ಕಕ್ಕಿಟ್ಟ. “ಮಾಗಿರ ಕಾಲ ತಿರ್ಗ ಕುಯ್ಸದಾ?”

“ಒಳ್ಗೇ ಬಿಟ್ರೆ ಮುಂದಕ್ಕೆ ತೊಂದ್ರೆ ಆಗ್ಬೋದಂತೆ ಅಪ್ಪ.”

“ಏನ್ ತೊಂದ್ರೆ? ಅದೇನ್ ಮಣ್ಣಾ, ಕರ್ಗೋಗಕೆ? ಸ್ಟೀಲು ಕಣವ್ವ. ನೀನ್ ಓದ್ರೂ ಅದಿರ್ತದೆ.”

“ಬಿಡ್ತು ಅನ್ನಿ,” ಎಂದು ಒಳಗಿನಿಂದ ಹೆಂಡತಿ ಪುಟ್ಟತಾಯಮ್ಮ ಗದರಿದಳು. “ಎಂಥಾ ಮಾತಾಡೀರಿ ಮಗೀಗೆ.”

“ಸ್ಟೀಲಿನ್ ವಿಚಾರ ನನಗ್ ಯೋಳ್ಕೊಡಕೆ ಬತ್ತಾನಾ ಅವ್ನು?” ಎಂದ ಪುಟ್ಟರಾಜು. ಮಾತು ಅಲ್ಲಿಗೆ ಮುಗಿಯಿತು.

ಮಾರನೆಯ ವರ್ಷ ಮೇಘಶ್ರೀ ಮತ್ತೊಮ್ಮೆ ಕೇಳಿದಳು. ಅದರ ಮಾರನೆಯ ವರ್ಷ, ಅರಕಲಗೂಡಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಕೆಲಸಕ್ಕೆ ಸೇರುವ ಮುಂಚೆ, ಇನ್ನೊಂದು ಸಲ ಕೇಳಿದಳು. ಅದೇ ಉತ್ತರ. ಆಮೇಲೆ ಅವಳು ಕೇಳಲಿಲ್ಲ. ಪುಟ್ಟರಾಜು ಮಾತ್ರ ಅಂಗಡಿಯಲ್ಲಿ ಗಿರಾಕಿಗಳ ಮುಂದೆ, ಕೊಡದ ತಳ ಬಡಿದು ತೋರಿಸುತ್ತ, “ನನ್ ಮಗಳು ಇದನ್ನೇ ಕಾಲಲ್ಲಿಟ್ಕಂಡು ಓಡ್ತಾವ್ಳೆ, ನೋಡ್ಕಳಿ,” ಎನ್ನುತ್ತಿದ್ದ.

2002ರ ಚಳಿಗಾಲದಲ್ಲಿ ಕಾಲು ನೋಯತೊಡಗಿತು. ಚಳಿಗೆ ಎಳೆಯುತ್ತದೆ ಎಂದು ಅವನು ಹರಳೆಣ್ಣೆ ಹಚ್ಚಿಸಿದ. ಬೇಸಿಗೆಯಲ್ಲಿ ಹಳೆಯ ಗಾಯದ ಗೆರೆಯ ಮೇಲೆ ಒಂದು ಗುಳ್ಳೆ ಎದ್ದು ಒಡೆದು ಕೀವು ಬಂತು. ಅವಳು ಬಟ್ಟೆ ಕಟ್ಟಿಕೊಂಡು ಸ್ಕೂಲಿಗೆ ಹೋದಳು. ಜುಲೈನಲ್ಲಿ ಒಂದು ಬೆಳಿಗ್ಗೆ, ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದಾಗ, ಕಾಲಿನಲ್ಲಿ ಕಡ್ಡಿ ಮುರಿದ ಸದ್ದಾಯಿತು. ಹತ್ತಿರದ ಸಾಲಿನ ಮಕ್ಕಳಿಗೂ ಅದು ಕೇಳಿಸಿತಂತೆ. ಪಟ್ಟಿಯನ್ನು ತೆಗೆದಾಗ ಅದರಡಿಯ ಮೂಳೆ ನೆನೆದ ರೊಟ್ಟಿಯ ಹಾಗಿತ್ತು. ಕೀವು ಮೂಳೆಯ ಒಳಕ್ಕೇ ಇಳಿದಿತ್ತು. ಮೂರು ವಾರದ ಇಂಜೆಕ್ಷನ್ನುಗಳು ಅದನ್ನು ನಿಲ್ಲಿಸಲಿಲ್ಲ.

ಈಗ ಪುಟ್ಟರಾಜು ಡಬ್ಬಿ ಹಿಡಿದುಕೊಂಡು ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕದ ಬೆಂಚಿನ ಮೇಲೆ ಕೂತ. ಜೇಬಿನಿಂದ ಅಯಸ್ಕಾಂತ ತೆಗೆದ. ಜೀವಮಾನದಲ್ಲಿ ಮೊದಲ ಸಲ ಅವನು ಒಂದು ಮಾಲು ಡೂಪ್ಲಿಕೇಟ್ ಆಗಿರಲಿ ಎಂದು ಬಯಸಿದ. ಡೂಪ್ಲಿಕೇಟ್ ಆಗಿದ್ದರೆ ಕಾಲು ತಿಂದವನು ಡಾಕ್ಟರು. ಆಗಿರದಿದ್ದರೆ ಯಾರು ಎಂಬುದನ್ನು ಅವನು ಯೋಚಿಸಲು ಹೋಗಲಿಲ್ಲ.

ಪಟ್ಟಿಯ ಬೆನ್ನಿಗೆ ಹಿಡಿದ. ಕಚ್ಚಲಿಲ್ಲ. ಅಂಚಿಗೆ, ಮುರಿದ ಬಾಯಿಗೆ, ಒಂದೊಂದು ತೂತಿಗೆ ಹಿಡಿದ. ತಿರುಪುಗಳನ್ನು ಅಂಗೈ ಮೇಲಿಟ್ಟುಕೊಂಡು ಹಿಡಿದ. ಅವು ಅಲುಗಲೂ ಇಲ್ಲ. ಅಯಸ್ಕಾಂತದ ಬಲವೇ ಹೋಗಿರಬೇಕೆಂದು ಬೆಂಚಿನ ಕಾಲಿಗೆ ಹಿಡಿದು ನೋಡಿದ. ಟಕ್ಕೆಂದು ಕಚ್ಚಿಕೊಂಡಿತು.

ಚಲುವನಾರಾಯಣ ಎಂಬುವರು ಹಾಸನದಲ್ಲಿ ಕೆಮಿಸ್ಟ್ರಿ ಲೆಕ್ಚರರು. ಹೊಳೆನರಸೀಪುರದ ದೇವಸ್ಥಾನದ ಬೀದಿಯವರು. ತಂಗಿಯ ಮದುವೆಯ ಪಾತ್ರೆಯನ್ನೆಲ್ಲ ಪುಟ್ಟರಾಜುವಿನ ಅಂಗಡಿಯಲ್ಲೇ ತೆಗೆದಿದ್ದರು. ಮಧ್ಯಾಹ್ನ ಅವನು ಅವರ ಮನೆಯ ವಿಳಾಸ ಕೇಳಿಕೊಂಡು ಹೋದ.

ಅವರು ತುಂಡುಗಳನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. “ಮ್ಯಾಗ್ನೆಟ್ ಹಿಡಿದು ನೋಡಿದ್ರಾ?”

“ಕಚ್ನಿಲ್ಲ ಸಾ. ಕಚ್ಚದಿದ್ರೂ ಡೂಪ್ಲಿಕೇಟ್ ಇರ್ಬೋದಲ್ವಾ?”

“ಇರ್ಬೋದು. ಕಚ್ಚೋದಕ್ಕೂ ತುಕ್ಕಿಗೂ ಅಂಥಾ ಸಂಬಂಧ ಇಲ್ಲ ಪುಟ್ಟರಾಜು. ಮ್ಯಾಗ್ನೆಟ್ ಕಚ್ಚೋ ಸ್ಟೀಲಲ್ಲೂ ಚೆನ್ನಾಗಿ ಬಾಳೋದಿದೆ. ಆದ್ರೆ ಇದು ಡೂಪ್ಲಿಕೇಟ್ ಅಲ್ಲ. ಬೆನ್ನು ನೋಡಿ, ಏಳು ವರ್ಷ ರಕ್ತಮಾಂಸದಲ್ಲಿದ್ದು ಹೇಗಿದೆ. ಕೆಟ್ಟ ಸ್ಟೀಲಾಗಿದ್ರೆ ಮೈಯೆಲ್ಲ ಹೋಗಿರೋದು. ಇದು ಸಂದಿ ಮಾತ್ರ ಹೋಗಿದೆ.”

“ಒಳ್ಳೇದಾದ್ರೆ ಸಂದಿ ಯಾಕ್ ಓಯ್ತು ಸಾ?”

ಚಲುವನಾರಾಯಣರು ಪಾಠ ಹೇಳುವ ದನಿಗೆ ಬಂದರು. “ಸ್ಟೀಲು ಅಂದ್ರೂ ಬಹುಪಾಲು ಕಬ್ಬಿಣವೇ. ಅದರ ಜೊತೆ ಕ್ರೋಮಿಯಂ ಬೆರೆಸಿರ್ತಾರೆ. ಗಾಳಿ ತಾಕಿದ ಕೂಡಲೇ ಆ ಕ್ರೋಮಿಯಂ ಮೇಲೊಂದು ಪೊರೆ ಕಟ್ಟುತ್ತೆ. ಕಣ್ಣಿಗೆ ಕಾಣದಷ್ಟು ತೆಳು. ಒಳಗಿನ ಕಬ್ಬಿಣಾನ ಕಾಯೋದು ಆ ಪೊರೆ. ಗೀಚಿದ್ರೆ ಹೋಗುತ್ತೆ, ಗಾಳಿ ಸಿಕ್ಕಿದ್ರೆ ತಾನಾಗಿ ಮತ್ತೆ ಕಟ್ಕೊಳ್ಳುತ್ತೆ. ಅದಕ್ಕೇ ನಿಮ್ಮ ಪಾತ್ರೆಗಳನ್ನ ದಿನಾ ಉಜ್ಜಿದ್ರೂ ಏನೂ ಆಗಲ್ಲ.”

“ಇದಕ್ಕೆ ಕಟ್ಕಳ್ನಿಲ್ವಾ?”

“ಮೈಯೊಳಗಿರೋದು ಉಪ್ಪುನೀರು. ಬೆರಳು ಕುಯ್ದಾಗ ಬಾಯಿಗಿಟ್ಕೊಂಡ್ರೆ ಉಪ್ಪಲ್ವಾ? ಉಪ್ಪು ಆ ಪೊರೆಯನ್ನ ಅಲ್ಲಲ್ಲಿ ತೂತು ಮಾಡುತ್ತೆ. ಜೊತೆಗೆ ತಿರುಪಿನ ತಲೆಗೂ ಪಟ್ಟಿಗೂ ನಡುವೆ ಕೂದಲೆಳೆ ಸಂದಿ. ಓಡಾಡಿದಾಗೆಲ್ಲ ಅಲ್ಲಿ ಒಂಚೂರು ಉಜ್ಜಿ ಪೊರೆ ಕಿತ್ತು ಬರುತ್ತೆ. ಆ ಸಂದೀಲಿ ನಿಂತ ನೀರಲ್ಲಿ ಆಮ್ಲಜನಕ ಸಾಲದು, ಪೊರೆ ಮತ್ತೆ ಕಟ್ಟಲ್ಲ. ಅಲ್ಲಿಂದ ತಿನ್ನುತ್ತಾ ಹೋಗುತ್ತೆ. ಒಂದೆರಡು ವರ್ಷ ಏನೂ ಆಗಲ್ಲ. ಏಳು ವರ್ಷ ಓಡಿದ್ರೆ ಆಗ್ಬೋದು.”

ಅವರ ಹೆಂಡತಿ ಚೂಡಾಮಣಿ ಕಾಫಿ ತಂದವರು ನಿಂತು ಕೇಳಿಸಿಕೊಳ್ಳುತ್ತಿದ್ದರು. “ಪುಟ್ಟರಾಜು ಅವರೇ ನಂಗೆ ಹೇಳಿದ್ರಲ್ಲ,” ಎಂದರು. “ಒದ್ದೆ ಪಾತ್ರೆ ಒಂದರೊಳಗೊಂದು ಕೂರಿಸ್ಬೇಡಿ, ಸಂದೀಲಿ ನೀರು ನಿಂತು ಕಲೆ ಬೀಳುತ್ತೆ ಅಂತ. ಸ್ಟೀಲ್ ಡಬ್ಬೀಲಿ ಉಪ್ಪಿನಕಾಯಿ ಹಾಕ್ಬೇಡಿ ಅಂತಾನೂ. ಇವತ್ತಿಗೂ ನಾನು ಭರಣೀಲೇ ಹಾಕೋದು.”

ಪುಟ್ಟರಾಜು ಲೋಟ ಹಿಡಿದು ಕೂತ. ಅದು ಅವನು ಪ್ರತಿಯೊಬ್ಬ ಗಿರಾಕಿಗೂ ಗಂಟು ಕಟ್ಟಿಕೊಡುತ್ತ ಹೇಳುತ್ತಿದ್ದ ಮಾತು. ಉಪ್ಪು ಬಿಟ್ಟಿರಬೇಡಿ, ಒದ್ದೆ ಬಿಡಬೇಡಿ, ಸಂದಿಗೆ ಗಾಳಿಯಾಡಲಿ. ಇಪ್ಪತ್ತೈದು ವರ್ಷ ಹೇಳಿದ್ದ. ಬೀಳುವುದನ್ನು ಕಲೆ ಎಂದು ಹೇಳುತ್ತಿದ್ದನೇ ಹೊರತು ತುಕ್ಕು ಎಂದು ಒಂದು ದಿನವೂ ಹೇಳಿರಲಿಲ್ಲ. ತುಕ್ಕು ಎಂದರೆ ವ್ಯಾಪಾರ ಎಲ್ಲಿ ಆಗುತ್ತದೆ. ಉಪ್ಪಿನಕಾಯಿ ಡಬ್ಬಿಯ ಬಗ್ಗೆ ಗೊತ್ತಿದ್ದದ್ದು ಮಗಳ ಕಾಲಿನ ಬಗ್ಗೆ ಹೊಳೆದಿರಲಿಲ್ಲ.

“ಇಂಥಾದ್ದನ್ನ ತೆಗೆಸ್ಬೇಕು ಅಂತ ಡಾಕ್ಟ್ರು ಹೇಳ್ತಾರಲ್ಲ,” ಎಂದರು ಚಲುವನಾರಾಯಣರು. “ನಿಮ್ಗೆ ಹೇಳಿರ್ಲಿಲ್ವಾ?”

“ಇಲ್ಲ ಸಾ,” ಎಂದ ಪುಟ್ಟರಾಜು. ಸಲೀಸಾಗಿ ಬಂತು.

“ಹಾಗಾದ್ರೆ ಅದು ಅವರದೇ ತಪ್ಪು. ಸುಮ್ಮನೆ ಬಿಡ್ಬೇಡಿ.”

“ಬಿಡಾಕಿಲ್ಲ ಸಾ,” ಎಂದು ಅವನು ಎದ್ದ. ಕಾಫಿ ಹಾಗೇ ಇತ್ತು.

ವಾರ್ಡಿಗೆ ಬಂದಾಗ ಸಂಜೆ ಐದು ಗಂಟೆ. ಪುಟ್ಟತಾಯಮ್ಮ ಬಟ್ಟೆ ಒಗೆಯಲು ಹೋಗಿದ್ದಳು. ಮೇಘಶ್ರೀ ದಿಂಬಿಗೊರಗಿ ಕೂತಿದ್ದಳು. ಎಡಗಾಲು ಹತ್ತಿ ಬಟ್ಟೆಯಲ್ಲಿ ದಪ್ಪಗೆ ಸುತ್ತಿಕೊಂಡಿತ್ತು. ಎಷ್ಟು ಸುತ್ತಿದರೂ ವಾಸನೆ ನಿಲ್ಲುತ್ತಿರಲಿಲ್ಲ. ಪಕ್ಕದ ಮಂಚದವರು ಎರಡು ದಿನದ ಹಿಂದೆ ಬೇರೆ ರೂಮು ಕೇಳಿ ಹೋಗಿದ್ದರು.

“ಎಲ್ಲೋಗಿದ್ದೆ ಅಪ್ಪ?”

“ಕೆಮಿಸ್ಟ್ರಿ ಮೇಷ್ಟ್ರ ತಾವ್ಕೆ. ನಿನ್ ಪ್ಲೇಟ್ ತೋರ್ಸಕೆ.”

“ಏನಂದ್ರು?”

ಅವನು ಸ್ಟೂಲಿನ ಮೇಲೆ ಕೂತ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದದ್ದನ್ನು ಹೇಳಿದ. “ಡೂಪ್ಲಿಕೇಟು ಆಕ್ಬುಟ್ಟವ್ರೆ ಕಣವ್ವ. ಮೇಷ್ಟ್ರೇ ಅಂದ್ರು. ಒರಿಜಿನಲ್ ಆಗಿದ್ರೆ ನೂರ್ ವರ್ಸ ಒಳ್ಗಿದ್ರೂ ಏನಾಯ್ತಿರ್ನಿಲ್ಲ. ಇವ್ನ ಸುಮ್ನೆ ಬಿಡಾಕಿಲ್ಲ ನಾನು. ಕೇಸಾಕ್ತೀನಿ.”

ಮೇಘಶ್ರೀ ಕೈ ಚಾಚಿದಳು. “ಡಬ್ಬಿ ಕೊಡಿಲ್ಲಿ.”

ಕೊಟ್ಟ. ಅವಳು ಅದನ್ನು ಹೊದಿಕೆಯ ಮೇಲೆ ಸುರಿದುಕೊಂಡು, ಮತ್ತೆ ಕೈ ಚಾಚಿದಳು.

“ಇನ್ನೇನು?”

“ಮ್ಯಾಗ್ನೆಟ್.”

“ಅದೆಲ್ಲಿ ತಂದಿವ್ನಿ, ಅಂಗ್ಡೀಲೈತೆ.”

“ಜೇಬಲ್ಲಿ ಕಾಣ್ತಾ ಅದೆ.”

ಅವನು ತೆಗೆದುಕೊಟ್ಟ. ಮೇಘಶ್ರೀ ಅಯಸ್ಕಾಂತವನ್ನು ಸೆರಗಿನಲ್ಲಿ ಒರೆಸಿಕೊಂಡು, ಮೊದಲು ದೊಡ್ಡ ತುಂಡಿನ ಬೆನ್ನಿಗೆ ಹಿಡಿದಳು. ಆಮೇಲೆ ತಿರುಗಿಸಿ ಹೊಟ್ಟೆಗೆ. ಆಮೇಲೆ ಅಂಚು, ಮುರಿದ ಬಾಯಿ, ಒಂದೊಂದೇ ತೂತು. ಅವನು ಕಲಿಸಿದ ಕ್ರಮದಲ್ಲೇ, ಆತುರವಿಲ್ಲದೆ. ಆಮೇಲೆ ಚಿಕ್ಕ ತುಂಡು. ಆಮೇಲೆ ಐದು ತಿರುಪುಗಳು, ಒಂದೊಂದಾಗಿ. ಕಾರಿಡಾರಿನಲ್ಲಿ ಯಾರದೋ ಮಗು ಅಳುತ್ತಿತ್ತು. ಪುಟ್ಟರಾಜು ಅವಳ ಕೈಯನ್ನು ನೋಡುತ್ತ ಕೂತ. ಒಂದು ತಿರುಪಾದರೂ ಕಚ್ಚಲಿ ಎಂದು ಆ ಗಳಿಗೆಯಲ್ಲೂ ಅವನಿಗೆ ಅನಿಸುತ್ತಿತ್ತು.

ಎಲ್ಲವನ್ನೂ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ ಅವಳು ವಾಪಸು ಕೊಟ್ಟಳು.

“ಒರಿಜಿನಲ್ಲು,” ಎಂದಳು.

“ಮೇಷ್ಟ್ರು ಯೋಳುದ್ರು, ಮ್ಯಾಗ್ನೆಟ್ಟಿಂದ ಗೊತ್ತಾಗಕಿಲ್ವಂತೆ,” ಎಂದ ಪುಟ್ಟರಾಜು.

ಅದು ನಿಜವಾಗಿ ಮೇಷ್ಟರು ಹೇಳಿದ ಮಾತೇ ಆಗಿತ್ತು. ಅವನ ಬಾಯಲ್ಲಿ ಅದು ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಬೇರೆಯದನ್ನೇ ಕೇಳಿಕೊಂಡು ಬೆಳೆದವಳು ಅವಳು.

“ನೀನು ನನ್ಗಿಂತ ಮುಂಚೇನೇ ಇಡ್ದು ನೋಡಿರ್ತೀಯ.”

“ಊ.”

“ಮೂರ್ ಸಲ ಕೇಳಿದ್ನಲ್ಲಪ್ಪ.”

ಅವನು ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ತಪ್ಪಾಯಿತು ಎಂದು ಹೇಳಬೇಕೆಂದು ಅವನಿಗೆ ಗೊತ್ತಿತ್ತು. ಮಕ್ಕಳಿಗೆ ಆ ಮಾತು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಹೇಳಿದ್ದರೂ ಸೋಮವಾರ ಸೋಮವಾರವೇ ಆಗಿರುತ್ತಿತ್ತು. “ಗೊತ್ತಾಗ್ನಿಲ್ಲ ಕಣವ್ವ,” ಎಂದ.

“ತಪ್ಪು ಮಾಡಿದ್ದಕ್ ನಾನೇನೂ ಅಂತಿರ್ನಿಲ್ಲ,” ಎಂದಳು ಮೇಘಶ್ರೀ. “ಈಗ್ಲೂ ಸುಳ್ಳೇಳ್ದಲ್ಲ.” ದನಿ ಏರಿರಲಿಲ್ಲ. ಮಕ್ಕಳ ಹಾಜರಿ ಕರೆಯುವವಳ ಹಾಗೆ ಹೇಳಿದಳು. “ಸೋಮ್ವಾರ ನೀನ್ ಬರ್ಬ್ಯಾಡ. ಅವ್ವ ಇರ್ಲಿ, ಸಾಕು.”

“ಬರ್ಬ್ಯಾಡ ಅಂದ್ರೆ? ಸಹಿ ಆಕ್ಬೇಕಲ್ಲ.”

“ನನ್ಗೆ ಇಪ್ಪತ್ನಾಲ್ಕು ವರ್ಸ. ನಾನೇ ಆಕಿವ್ನಿ.”

ಅವಳು ಗೋಡೆಯ ಕಡೆ ತಿರುಗಲು ನೋಡಿದಳು. ಕಾಲು ಬಿಡಲಿಲ್ಲ. ಹಾಗಾಗಿ ಮುಖವನ್ನಷ್ಟೇ ತಿರುಗಿಸಿ ಕಣ್ಣು ಮುಚ್ಚಿಕೊಂಡಳು. ಪುಟ್ಟತಾಯಮ್ಮ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಂದಾಗ ಅವನು ಇನ್ನೂ ಸ್ಟೂಲಿನ ಮೇಲೆಯೇ ಇದ್ದ.

ಸೋಮವಾರ ಅವನು ಅಂಗಡಿಯ ಬಾಗಿಲು ತೆಗೆದ. ಮನೆಯಲ್ಲಿ ಕೂರಲು ಆಗುವಂತಿರಲಿಲ್ಲ. ಆಪರೇಷನ್ ಹನ್ನೊಂದಕ್ಕೆ. ಹತ್ತೂವರೆಗೆ ಹಳ್ಳಿಮೈಸೂರು ಎಂಬ ಊರಿನ ಕಡೆಯ ಮಾಯಮ್ಮ ಎಂಬಾಕೆ ಬಂದಳು. ಮಗಳ ಸೀಮಂತಕ್ಕೆ ದೊಡ್ಡ ಡಬ್ಬಿ, ನಾಲ್ಕು ತಟ್ಟೆ, ಒಂದು ಕೊಡ ಬೇಕಾಗಿತ್ತು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು, ಬಡಿದು ನೋಡಿದಳು, ಬಿಟ್ಟದ್ದನ್ನು ಮತ್ತೆ ಕೇಳಿದಳು.

“ಮ್ಯಾಗ್ನೆಟ್ ಇಡ್ದು ತೋರ್ಸಿ ಮತ್ತೆ. ಎಲ್ರಿಗೂ ತೋರುಸ್ತೀರಂತೆ.”

ಪುಟ್ಟರಾಜು ಜೇಬಿನಿಂದ ಅಯಸ್ಕಾಂತ ತೆಗೆದು ಕೊಡದ ಹೊಟ್ಟೆಗೆ ಹಿಡಿದ. ಕಂಠಕ್ಕೆ, ತಳಕ್ಕೆ ಹಿಡಿದ. ಎಲ್ಲೂ ಕಚ್ಚಲಿಲ್ಲ. ಮಾಯಮ್ಮನಿಗೆ ಸಮಾಧಾನವಾಯಿತು.

“ತುಕ್ಕುಗಿಕ್ಕು ಇಡಿಯಾಕಿಲ್ವಲ್ಲ?”

ಅವನು ಗೋಡೆ ಗಡಿಯಾರ ನೋಡಿದ. ಹನ್ನೊಂದೂ ಹತ್ತು.

“ಇಡಿಯಾಕಿಲ್ಲ ಕಣಮ್ಮ,” ಎಂದ. ತಟ್ಟೆಗಳ ನಡುವೆ ಹಳೆಯ ಪೇಪರ್ ಇಟ್ಟು, ಒಂದರ ಮೇಲೊಂದು ಜೋಡಿಸಿ, ಗಂಟು ಕಟ್ಟಿದ.